ನೀರುಕಾಗೆಯ ಲೆಕ್ಕ

ಉದ್ಯಾನದ ದೊಡ್ಡ ಬಾಗಿಲು ತೆರೆಯುವುದು ಹತ್ತಕ್ಕೆ.
ಎಣಿಸುವವರಿಗೆ ಮಾತ್ರ, ಇನ್ನೂ ಕತ್ತಲಿರುವಾಗ,
ಪಕ್ಕದ ಕಬ್ಬಿಣದ ಗೇಟು.
ತಿನ್ ಶುಯಿ ವಾಯ್‌ನ ಗೋಪುರಗಳಲ್ಲಿ
ಅಲ್ಲೊಂದು ಇಲ್ಲೊಂದು ಅಡುಗೆಮನೆ ದೀಪ.
ಮೊದಲ ಟ್ರಾಮಿಗೆ ಬಂದವರು ಇಬ್ಬರೇ:
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ಸಮವಸ್ತ್ರದ ಮೇಲೇ ಕೋಟು ತೊಟ್ಟ ನಾನು,
ಮತ್ತು ಪಾಂಗ್ ಕಾಮ್‌ಶುಯಿ, ಎಲ್ಲರ ಪಾಂಗ್ ಚಿಕ್ಕಪ್ಪ,
ಎಪ್ಪತ್ತೊಂಬತ್ತು, ರಬ್ಬರ್ ಬೂಟು, ಬಗಲಲ್ಲಿ ಫ್ಲಾಸ್ಕು.

ಜನವರಿ. ಮರೆಮನೆಯ ಹಲಗೆ ಎತ್ತಿದ್ದೇ ತಡ
ಕೆಸರಿನ ವಾಸನೆ ಮುಖಕ್ಕೇ ಬಂತು:
ಉಪ್ಪು, ಕೊಳೆತ ಕಾಂಡ್ಲಾ ಎಲೆ, ಹಳೇ ಮೀನುಬುಟ್ಟಿ.
ನಾನು ಮೂಗು ಮುಚ್ಚಿದೆ.
ಅವರು ಉಸಿರೆಳೆದುಕೊಂಡರು
ಕೂಸಿನ ನೆತ್ತಿ ಮೂಸುವ ಹಾಗೆ.

"ನೀರುಕಾಗೆ ನನಗೆ. ಉಳಿದದ್ದು ನಿನಗೆ,"
ಅಂದು ಗುಂಡಿ ಒತ್ತಿ ಎಣಿಸುವ ಪುಟ್ಟ ಯಂತ್ರವೊಂದನ್ನು
ಅಂಗೈಗಿಟ್ಟರು.

ಉಳಿದದ್ದೆಂದರೆ!
ಬೆಳಕು ಬರಬರುತ್ತ ನೀರೇ ಎದ್ದು ಕೂತಂತೆ.
ಕರಿಮುಖದ ಚಮಚಕೊಕ್ಕುಗಳು ಸಾಲುಗಟ್ಟಿ
ಅತ್ತ ಒಮ್ಮೆ ಇತ್ತ ಒಮ್ಮೆ ತಲೆಯಾಡಿಸುತ್ತ
ತಳ ಹಿಡಿದ ಗಂಜಿಗೆ ಸೌಟು ಹಾಕಿದಂತೆ
ಕೊಳವನ್ನೇ ತಿರುವುತ್ತಿವೆ.
ಇಪ್ಪತ್ತು, ಮೂವತ್ತಾರು, ಒಂದು ಮಲಗಿದೆ, ಮೂವತ್ತೇಳು.
ಅತ್ತ ಮೆಟ್ಟುಗಾಲುಗಳು. ಕೆಂಪು ಕಾಲಿನ ಕೆಳಗೆ
ಇನ್ನೊಂದು ಜೊತೆ ಕೆಂಪು ಕಾಲು.
ಒತ್ತುತ್ತ ಹೋದೆ. ಎಪ್ಪತ್ತು ದಾಟಿದ ಮೇಲೆ ಹೊಳೆಯಿತು,
ನೆರಳನ್ನೂ ಎಣಿಸಿದ್ದೆ.
"ಚಿಕ್ಕಪ್ಪಾ, ಕಡಿಮೆ ಮಾಡುವ ಗುಂಡಿ ಎಲ್ಲಿ?"
"ಅದಕ್ಕಿಲ್ಲ. ಮುಂದಕ್ಕೆ ಮಾತ್ರ ಅದು."

ಚಹಾ ಬಗ್ಗಿಸುತ್ತ, ನನ್ನ ಕಡೆ ನೋಡದೆ ಅಂದರು:
"ಅಗೋ, ಆ ಮೂರನೇ ಕಂಬದಿಂದಾಚೆ
ನನ್ನ ಮೀನುಕೊಳ ಇತ್ತು. ಬೂದುಮೀನು ಸಾಕಿದ್ದೆ.
ಚಳಿಗಾಲ ಬಂತೋ, ಉತ್ತರದಿಂದ ಈ ಕರಿ ದಂಡು.
ಪಟಾಕಿ ಹೊಡೆದೆ. ತಗಡು ಬಡಿದೆ.
ಕಡೆಗೆ ಒಂದನ್ನು ಕೊಂದು
ಬಿದಿರಿಗೆ ತೂಗುಹಾಕಿದೆ, ರೆಕ್ಕೆ ಬಿಚ್ಚಿ,
ಉಳಿದವು ನೋಡಿ ಹೆದರಲಿ ಅಂತ."

"ಹೆದರಿದವೇ?"

"ಬಂದು ಪಕ್ಕದ ಗಳುಗಳ ಮೇಲೆ ಕೂತವು,
ಅದರ ಹಾಗೇ ರೆಕ್ಕೆ ಬಿಚ್ಚಿ.
ಸತ್ತದ್ದು ಯಾವುದು, ಒಣಗುತ್ತಿದ್ದದ್ದು ಯಾವುದು
ದಂಡೆಯಿಂದ ನನಗೇ ತಿಳಿಯಲಿಲ್ಲ.
ನನ್ನವಳು ಅನ್ನದ ಡಬ್ಬಿ ತಂದವಳು ಕೇಳಿದಳು,
ಇದೇನು, ಬಟ್ಟೆ ಒಗೆದಿದ್ದೀಯಾ?"

ಅಷ್ಟರಲ್ಲಿ ಡೇಗೆ.
ಯಾರೂ ಕಾಣಲಿಲ್ಲ ಅದು ಬಂದದ್ದನ್ನು.
ಕೊಳಕ್ಕೆ ಕೊಳವೇ ಹಾರಿತು.
ನನ್ನ ಮೂವತ್ತೇಳು, ನನ್ನ ನೆರಳು ಬೆರೆತ ಎಪ್ಪತ್ತು,
ಗೊರವಗಳ ಇನ್ನೂ ಮುಟ್ಟದ ಮೂಟೆ,
ಎಲ್ಲವೂ ಶೆನ್‌ಜೆನ್‌ನ ಗಾಜಿನ ಗೋಡೆಗಳ ಮುಂದೆ
ಒಂದು ಸುತ್ತು ಬೆಳ್ಳಗೆ, ಒಂದು ಸುತ್ತು ಕಪ್ಪಗೆ.
ಬೋರ್ಡಿನ ಮೇಲೆ ಕೂತ ಮಿಂಚುಳ್ಳಿ ಮಾತ್ರ
ತನಗೆ ಸಂಬಂಧವಿಲ್ಲ ಎಂಬಂತೆ
ಕಾಲುವೆಯನ್ನೇ ನೋಡುತ್ತಿತ್ತು.
ಮೊದಲಿನಿಂದ, ಅಂದರು ಪಾಂಗ್ ಚಿಕ್ಕಪ್ಪ.
ಮೊದಲಿನಿಂದ.

ಏಳೂವರೆಗೆ ಬಂದವು ಅವರ ಪಾಲಿನವು,
ಮರದ ತಂಗುದಾಣದಿಂದ ಕೊಲ್ಲಿಯ ಕಡೆಗೆ,
ಹರಿದ ದಾರದಂತೆ, ಮತ್ತೆ ಗಂಟಾಗಿ, ಮತ್ತೆ ಹರಿದು.
ಅವರ ಹೆಬ್ಬೆರಳು ಸುಮ್ಮನಿರಲಿಲ್ಲ.
ಸಾಲಿನಿಂದ ಒಂದು ಇಳಿದು ಮುಳುಗಿತು. ಎದ್ದಾಗ
ಬಾಯಲ್ಲಿ ಮೀನು ಅಡ್ಡಕ್ಕೆ ಹೊಳೆಯುತ್ತಿತ್ತು;
ಕತ್ತು ಕೊಡವಿ ಉದ್ದಕ್ಕೆ ತಿರುಗಿಸಿ
ಗುಳುಂ ಅನ್ನಿಸಿತು.
"ಕಳ್ಳ ನನ್ಮಗನೆ,
ಅರ್ಧ ಕೇಜಿ ತೂಗುತ್ತಿತ್ತು!"
ಬೈದು, ಒತ್ತಿದರು.

ನೀರುಕಾಗೆ: ಸಾವಿರದ ಇನ್ನೂರ ಆರು.
ಕಾಗದದ ಮೇಲೆ ಅವರ ಅಕ್ಷರ ಸಣ್ಣದು, ನೆಟ್ಟಗೆ.
ಷರಾ ಎಂಬಲ್ಲಿ ಏನೂ ಬರೆಯಲಿಲ್ಲ.

ಮನೆಗೆ ಬಂದೆ, ಇಪ್ಪತ್ತಮೂರನೇ ಮಹಡಿ.
ಮೊಣಕಾಲಿನ ಕೆಸರು ಉಜ್ಜಿ ಉಜ್ಜಿ ತೊಳೆದು
ಸಮವಸ್ತ್ರವನ್ನು ಕಿಟಕಿಯಾಚೆಯ ಗಳುವಿಗೆ
ಒಂದು ತೋಳಿನಿಂದ ಇನ್ನೊಂದು ತೋಳಿಗೆ ಪೋಣಿಸಿ
ನಿದ್ದೆಗೆ ಹೋದೆ.
ಕೆಳಗೆ ಕೊಳ ಒಂದು ಚಿಟಿಕೆಯಷ್ಟು ಹೊಳೆಯುತ್ತಿತ್ತು.
ಗಾಳಿ ಎದ್ದಿತ್ತು.